ನೆಬೀಸಕ್ಕ ಕುಡಿದ ಪುನರ್ಪುಳಿ

ರಾಮಕುಂಜದ ಆಚೀಚೆ ಯಾವ ಮನೆಯಲ್ಲಿ ಮಗು ಹುಟ್ಟಿದರೂ, ತಾಯಿ ಮಗು ಆಸ್ಪತ್ರೆಯಿಂದ ಹೊರಡುವ ಮೊದಲೇ ನೆಬೀಸಕ್ಕನಿಗೆ ಫೋನ್ ಹೋಗುತ್ತದೆ. ಬ್ಯಾರಿಗಳ ಮನೆ ಇರಲಿ, ಗೌಡರ ಮನೆ ಇರಲಿ, ಮಗುವನ್ನು ಮೀಯಿಸಲಿಕ್ಕೆ ಅವಳೇ ಆಗಬೇಕು. ಬಚ್ಚಲಿನ ತಗ್ಗು ಮಣೆಯ ಮೇಲೆ ಕುಳಿತು, ಎರಡೂ ಕಾಲು ಮುಂದಕ್ಕೆ ಚಾಚಿ, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಲು ಹಿಡಿದಳೆಂದರೆ ಎಂಥ ರಚ್ಚೆ ಹಿಡಿದ ಮಗುವೂ ಸುಮ್ಮನಾಗುತ್ತದೆ. ನೀರು ಬಿದ್ದಾಗ ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ, ಅದು ಬೇರೆ ಮಾತು. "ಕಿರುಚಲಿ ಬಿಡಿ, ಎದೆ ಗಟ್ಟಿಯಾಗ್ತದೆ" ಎನ್ನುವುದು ಅವಳ ಸಿದ್ಧ ಉತ್ತರ. ಬಾಗಿಲಲ್ಲಿ ನಿಂತು ಮೊಬೈಲಲ್ಲಿ ವಿಡಿಯೋ ತೆಗೆಯುವ ಅಪ್ಪಂದಿರಿಗೆ ಮಾತ್ರ ಅವಳಿಂದ ಸರಿಯಾಗಿ ಬೈಗುಳ ಬೀಳುತ್ತದೆ.

ಅವಳ ನೆನಪಿನ ಶಕ್ತಿಗೆ ಊರಿನ ಹುಡುಗರೆಲ್ಲ ಹೆದರುತ್ತಿದ್ದರು. ಪುತ್ತೂರಿನ ಬಸ್ಸಿನಲ್ಲಿ ಗಡ್ಡ ಬಿಟ್ಟ ಕಾಲೇಜು ಹುಡುಗನೊಬ್ಬ ಸ್ಟೈಲಾಗಿ ನಿಂತಿದ್ದರೆ, ಇವಳು ಮುಂದಿನ ಸೀಟಿನಿಂದಲೇ ಕತ್ತು ತಿರುಗಿಸಿ, "ನೀನು ಕೊಯಿಲದ ಹರಿಪ್ರಸಾದನ ಮಗ ಅಲ್ವಾ? ಮೀಯಿಸುವಾಗ ನನ್ನ ಸೀರೆ ಒಂದು ದಿನ ಒಣಗ್ಲಿಕ್ಕೆ ಬಿಡ್ಲಿಲ್ಲ ಮಾರಾಯ ನೀನು!" ಎಂದು ಬಿಡುತ್ತಿದ್ದಳು. ಪಾಪ, ಹುಡುಗ ಮುಂದಿನ ಸ್ಟಾಪಿನಲ್ಲೇ ಇಳಿಯಬೇಕು. ಯಾವ ಮಗುವಿನ ಬೆನ್ನಿನಲ್ಲಿ ಮಚ್ಚೆ ಉಂಟು, ಯಾವುದಕ್ಕೆ ಯಾವ ಎಣ್ಣೆ ಹಿಡಿಸುವುದಿಲ್ಲ, ಯಾವ ಬಾಣಂತಿಗೆ ಬೆನ್ನು ನೋವು, ಎಲ್ಲ ಅವಳ ತಲೆಯಲ್ಲೇ ಇರುತ್ತಿತ್ತು.

ಅಂಥವಳಿಗೆ ಕಳೆದ ವರ್ಷ ಒಂದು ಹೆಸರು ಮರೆತುಹೋಯಿತು. ಎಲ್ಲರಿಗೂ ಮರೆಯುವ ಹಾಗೆ, ನಾಲಿಗೆಯ ತುದಿಯಲ್ಲಿದ್ದದ್ದು ಬರಲಿಲ್ಲ, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಡುತ್ತಿದ್ದರು. ಆದರೆ ನೆಬೀಸಕ್ಕನ ಎದೆ ಧಸಕ್ಕೆಂದಿತು. ಅವಳ ಉಮ್ಮ ಕೊನೆಗಾಲದಲ್ಲಿ ಮಗಳನ್ನೇ ಗುರುತಿಸದೆ, "ನೀನು ಯಾರ ಮಗಳು? ನಿನ್ನ ಉಮ್ಮ ನಿನ್ನನ್ನು ಹುಡುಕುದಿಲ್ವಾ?" ಎಂದು ಕೇಳುತ್ತಿದ್ದರು. ಆ ಮಾತು ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತವಳು ಅವಳು. ಈಗ ಸರದಿ ತನ್ನದು ಎಂದು ಅವಳಿಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತು.

"ನಾನು ಸಹ ಮರೀತೇನೆ" ಎಂದ ಗಂಡ ಅಲಿ ಕುಂಞಿ. ಸ್ಕೂಟರಿನಲ್ಲಿ ಮೀನು ಮಾರುವವನು, ಯಾವುದನ್ನೂ ತಲೆಗೆ ಹಚ್ಚಿಕೊಳ್ಳುವ ಜಾತಿಯಲ್ಲ. "ನಿನ್ನನ್ನು ಮದುವೆ ಆದದ್ದೊಂದು ಎಷ್ಟು ಪ್ರಯತ್ನ ಮಾಡಿದ್ರೂ ಮರೀಲಿಕ್ಕೆ ಆಗುದಿಲ್ಲ, ನೋಡು."

"ನಿಮ್ಮ ಹತ್ರ ಹೇಳಿದ್ದೇ ನನ್ನ ತಪ್ಪು" ಎಂದು ನೆಬೀಸಕ್ಕ ಮಗಳಿಗೆ ಫೋನ್ ಮಾಡಿದಳು.

ಮಗಳು ನುಸ್ರತ್ ಸುಳ್ಯಕ್ಕೆ ಮದುವೆಯಾಗಿ ಹೋದವಳು, ಅಲ್ಲಿಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಾಳೆ. ಔಷಧಿ ಚೀಟಿ ಓದಿ ಓದಿ ಅರ್ಧ ಡಾಕ್ಟರಾದೆ ಎಂಬ ಧೈರ್ಯ ಅವಳಿಗೆ. "ಉಮ್ಮ, ನೀವು ಪುನರ್ಪುಳಿ ಕುಡೀರಿ. ಅದರಲ್ಲಿ ಆಂಟಿಆಕ್ಸಿಡೆಂಟ್ ಉಂಟು. ಮೆದುಳಿನ ಜೀವಕೋಶಗಳಿಗೆ ವಿಷ ತಾಗದ ಹಾಗೆ ಕಾಯ್ತದಂತೆ."

"ಅದೆಂತ ಅದು?"

"ತುಕ್ಕು ಹಿಡೀಬಾರ್ದು ಅಂತ ಕತ್ತಿಗೆ ಎಣ್ಣೆ ಹಚ್ಚುದಿಲ್ವಾ, ಹಾಗೆ."

ಪುನರ್ಪುಳಿಗೆ ನೆಬೀಸಕ್ಕನ ಮನೆಯಲ್ಲಿ ಬರಗಾಲವೇ? ಘಟ್ಟದ ಮೇಲಿನವರು ಮುರುಗಲು ಎನ್ನುವ ಆ ಹುಳಿಹಣ್ಣಿನ ಮರ ಹಿತ್ತಲಿನಲ್ಲೇ ಉಂಟು. ಬೇಸಗೆಯಲ್ಲಿ ಹಣ್ಣು ಒಡೆದು ಒಣಗಿಸಿದ ಸಿಪ್ಪೆ ಡಬ್ಬಿ ತುಂಬ ಇತ್ತು. ಆದರೆ ಅಷ್ಟಕ್ಕೇ ನಿಲ್ಲುತ್ತದೆಯೇ? ನುಸ್ರತ್ ವಾಟ್ಸಾಪಿಗೆ ಒಂದು ವಿಡಿಯೋ ಕಳಿಸಿದಳು. ಬಿಳಿ ಕೋಟು ಹಾಕಿದವನೊಬ್ಬ ಅಲ್ಯೂಮಿನಿಯಂ ಪಾತ್ರೆ ಮೆದುಳಿಗೆ ಶತ್ರು, ಹಿರಿಯರು ತಾಮ್ರದಲ್ಲಿ ಮಾಡಿ ಉಂಡು ನೂರು ವರ್ಷ ಬದುಕಿದರು ಎಂದು ಕೈ ಬೀಸಿ ಬೀಸಿ ಹೇಳುತ್ತಿದ್ದ. ನೆಬೀಸಕ್ಕ ಆವತ್ತೇ ಅಟ್ಟ ಹತ್ತಿ ಉಮ್ಮನ ಕಾಲದ ತಾಮ್ರದ ಪಾತ್ರೆ ಇಳಿಸಿದಳು. ಒಳಗಿನ ಕಲಾಯಿಯ ಲೇಪ ಪೂರಾ ಹೋಗಿತ್ತು. ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿ ಕಾಯಿಸಬಾರದು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೃಷ್ಟವೋ ದುರದೃಷ್ಟವೋ, ಅದೇ ವಾರ ಎಲ್ಲಿಂದಲೋ ಒಬ್ಬ ಕಲಾಯಿ ಹಾಕುವವನು ಪಿಕಪ್ಪಿನಲ್ಲಿ ಬಂದ, ರಸ್ತೆ ಬದಿಯಲ್ಲಿ ಕೆಂಡ ಮಾಡಿ, ಪಾತ್ರೆಯ ಒಳಗನ್ನು ಮುಖ ಕಾಣುವ ಹಾಗೆ ಬೆಳಗಿಸಿ ಕೊಟ್ಟು ಹೋದ. ಮತ್ತೆ ಆ ಕಡೆಗೆ ತಲೆ ಹಾಕಲಿಲ್ಲ.

ಅಲ್ಲಿಂದ ದಿನಾ ಸಂಜೆ ಆ ಪಾತ್ರೆಯಲ್ಲಿ ಬಿಸಿನೀರಿಗೆ ಸಿಪ್ಪೆ ಹಾಕಿ ಮುಚ್ಚಿಡುವುದು, ಬೆಳಿಗ್ಗೆ ಚೆನ್ನಾಗಿ ಕುದಿಸಿ ಬೆಲ್ಲ ಜೀರಿಗೆ ಸೇರಿಸಿ ಕುಡಿಯುವುದು. ಉಳಿದದ್ದನ್ನು ಬಾಟ್ಲಿಗೆ ತುಂಬಿಸಿ ಕೆಲಸಕ್ಕೆ ಒಯ್ಯುವುದು. ಅಲಿ ಕುಂಞಿಗೆ ಹುಳಿ ಕಂಡರೆ ಹಲ್ಲು ಜುಮ್ಮೆನ್ನುತ್ತದೆ, ಅವನು ಚಾ ಬಿಟ್ಟು ಬೇರೆ ಮುಟ್ಟಲಿಲ್ಲ.

ಇನ್ನು ನೆನಪು ಚುರುಕಾಗುತ್ತದೆ ಎಂದು ಕಾದದ್ದೇ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಮರೆವು ತಮಾಷೆಯ ಹಂತ ದಾಟಿತು. ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಆತೂರಿಗೆಂದು ಹತ್ತಿದ ಬಸ್ಸಿನಲ್ಲಿ ಕಡಬದವರೆಗೆ ಹೋಗಿ, ತಾನೆಲ್ಲಿ ಇಳಿಯಬೇಕಿತ್ತು ಎಂದು ಕಂಡಕ್ಟರನನ್ನೇ ಕೇಳಿದಳು. ಕೈ ಸಣ್ಣಗೆ ನಡುಗತೊಡಗಿತು. ಬಾಯಲ್ಲಿ ಸದಾ ಕಬ್ಬಿಣ ನೆಕ್ಕಿದಂಥ ರುಚಿ. ಹೊಟ್ಟೆಯಲ್ಲಿ ಆಗಾಗ ಹಿಂಡುವ ನೋವು. ಸಣ್ಣ ಸಣ್ಣದಕ್ಕೆ ಅವಳ ಸಿಟ್ಟು ನೆತ್ತಿಗೇರುತ್ತಿತ್ತು. ಅಲಿ ಕುಂಞಿ ಸ್ಕೂಟರ್ ತಿಕ್ಕುವ ನೆವದಲ್ಲಿ ಅಂಗಳದಲ್ಲೇ ಇರತೊಡಗಿದ. ಮರೆತಷ್ಟೂ ಅವಳು ಹೆದರಿದಳು, ಹೆದರಿದಷ್ಟೂ ಪುನರ್ಪುಳಿ ಹೆಚ್ಚು ಕುಡಿದಳು.

ಹೀಗಿರುವಾಗ ಪೆರಾಬೆಯ ದುಗ್ಗಮ್ಮನ ಮಗಳು ಪ್ರಣೀತಾ ಹೆರಿಗೆಗೆ ತವರಿಗೆ ಬಂದಳು. ಗಂಡು ಮಗು. ಆ ಪ್ರಣೀತಾಳನ್ನೂ ಮೀಯಿಸಿದ್ದು ನೆಬೀಸಕ್ಕನೇ. ಹಾಗಾಗಿ ಮರೆವು ಗಿರೆವು ಎಂದು ಹೇಳಿ ತಪ್ಪಿಸಿಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಮಕ್ಕಳ ವಿಷಯದಲ್ಲಿ ತನ್ನ ಕೈ ತಪ್ಪುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಆದರೆ ಕೈ ತಪ್ಪಿತು. ಒಂದು ಬೆಳಿಗ್ಗೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ, ಹಂಡೆಯಿಂದ ತೋಡಿದ ನೀರಿಗೆ ತಣ್ಣೀರು ಬೆರೆಸದೆಯೇ ಚೊಂಬು ಎತ್ತಿದಳು. ಬೆರೆಸಿದ್ದೇನೆ ಎಂದೇ ಅವಳ ತಲೆ ಹೇಳುತ್ತಿತ್ತು. ಬಾಗಿಲಲ್ಲಿದ್ದ ಪ್ರಣೀತಾ ಹೊಗೆಯಾಡುವ ನೀರು ಕಂಡು "ನೆಬೀಸಕ್ಕ!" ಎಂದು ಕಿರುಚಿದಳು. ಚೊಂಬು ಕೈ ಜಾರಿ ಆಚೆ ಬಿತ್ತು. ಮಗುವಿಗೆ ಒಂದು ಹನಿ ತಾಗಲಿಲ್ಲ. ನೆಬೀಸಕ್ಕನ ಪಾದದಲ್ಲಿ ಮಾತ್ರ ಬೊಬ್ಬೆ ಎದ್ದಿತು.

ದುಗ್ಗಮ್ಮ ಓಡಿ ಬಂದು ಮೊಮ್ಮಗನನ್ನು ಎತ್ತಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಟ್ಟ ಪಾದಕ್ಕೆ ನೀರು ಹೊಯ್ದುಕೊಳ್ಳುವುದನ್ನೂ ಮರೆತು ನೆಬೀಸಕ್ಕ ಎದ್ದು ನಿಂತಳು. "ನಾನಿನ್ನು ಬರುದಿಲ್ಲ ದುಗ್ಗಮ್ಮಕ್ಕ. ನನಗೆ ಉಮ್ಮನ ಕಾಯಿಲೆ ಹಿಡಿದಿದೆ. ಇನ್ನು ಯಾರ ಮನೆ ಮಗುವನ್ನೂ ನಾನು ಮುಟ್ಟುದಿಲ್ಲ." ಬಸ್ಸಿಗೆ ಕಾಯದೆ ಕುಂಟುತ್ತ ನಡೆದೇ ಹೊರಟಳು.

ಮನೆಗೆ ಬಂದವಳು ಹಾಸಿಗೆ ಹಿಡಿದಳು. ಮರುದಿನ ಹೊಟ್ಟೆನೋವು ಎಷ್ಟು ಜೋರಾಯಿತೆಂದರೆ, "ಗ್ಯಾಸ್, ಗ್ಯಾಸ್" ಎನ್ನುತ್ತಿದ್ದ ಅಲಿ ಕುಂಞಿ ಬೆವತುಹೋಗಿ ರಿಕ್ಷಾ ತಂದ. ಪುತ್ತೂರಿನ ಆಸ್ಪತ್ರೆಗೆ ನುಸ್ರತ್ ಸುಳ್ಯದಿಂದ ನೇರ ಬಂದಳು.

ಅಲ್ಲಿದ್ದದ್ದು ಡಾಕ್ಟರ್ ಭವಿತಾ, ಕಡಿಮೆ ಮಾತಿನವರು. ಹೊಟ್ಟೆ ಒತ್ತಿ ನೋಡಿದರು, ರೆಪ್ಪೆ ಎಳೆದು ನೋಡಿದರು. ಮತ್ತೆ ಬಾಯಿ ತೆರೆಸಿ, ಟಾರ್ಚು ಹಿಡಿದು, ಒಸಡನ್ನು ಬಹಳ ಹೊತ್ತು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿ ಕಪ್ಪು ಗೆರೆಯೊಂದಿತ್ತು.

"ಕಣ್ಣಿಗೆ ಸುರ್ಮಾ ಹಾಕ್ತೀರಾ?"

ನೆಬೀಸಕ್ಕನಿಗೆ ನೋವಿನಲ್ಲೂ ಸಿಟ್ಟು ಬಂತು. "ಹೊಟ್ಟೆನೋವು ಅಂತ ಬಂದ್ರೆ ಸುರ್ಮಾ ಕೇಳ್ತೀರಲ್ಲ ಡಾಕ್ಟ್ರೇ! ಈ ಪ್ರಾಯದಲ್ಲಿ ನಾನು ಯಾರಿಗೆ ತೋರಿಸ್ಲಿಕ್ಕೆ ಹಾಕುದು?"

ಡಾಕ್ಟರರಿಗೆ ನಗು ಬಂತು. ಕೆಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ, ಸೀಸ ಮೈಗೆ ಹೋದರೆ ಒಸಡಿನಲ್ಲಿ ಇಂಥ ಗೆರೆ ಬರುವುದುಂಟು ಎಂದರು. ನಾಟಿ ಔಷಧಿ ತಿನ್ನುತ್ತೀರಾ, ಮನೆಯಲ್ಲಿ ಯಾರಾದರೂ ಬ್ಯಾಟರಿ ಕೆಲಸ ಮಾಡುತ್ತಾರಾ ಎಂದು ಒಂದೊಂದಾಗಿ ಕೇಳುತ್ತ ಹೋದರು. ಎಲ್ಲಕ್ಕೂ ಇಲ್ಲ. ಕೊನೆಗೆ, "ದಿನಾ ತಪ್ಪದೆ ಕುಡಿಯುದು ಎಂತ?" ಎಂದರು.

"ಪುನರ್ಪುಳಿ" ಎಂದಳು ನುಸ್ರತ್, ಸ್ವಲ್ಪ ಹೆಮ್ಮೆಯಿಂದಲೇ. "ನಾನೇ ಹೇಳಿದ್ದು. ಆಂಟಿಆಕ್ಸಿಡೆಂಟ್."

"ಯಾವುದರಲ್ಲಿ ಕಾಯಿಸುದು?"

ತಾಮ್ರದ ಪಾತ್ರೆ, ಹೊಸ ಕಲಾಯಿ, ರಾತ್ರಿಯಿಡೀ ನೆನೆ ಹಾಕುವುದು, ಎಲ್ಲ ಹೊರಗೆ ಬಂತು. ಡಾಕ್ಟರ್ ಪೆನ್ನು ಕೆಳಗಿಟ್ಟರು. ರಕ್ತವನ್ನೂ, ಮನೆಯಿಂದ ತರಿಸಿದ ಬಾಟ್ಲಿಯಲ್ಲಿ ಉಳಿದಿದ್ದ ಪುನರ್ಪುಳಿಯನ್ನೂ ಪರೀಕ್ಷೆಗೆ ಮಂಗಳೂರಿಗೆ ಕಳಿಸಿದರು. ವರದಿ ಬರುವವರೆಗೆ ನೆಬೀಸಕ್ಕನನ್ನು ಅಲ್ಲೇ ಮಲಗಿಸಿದರು.

ವರದಿ ಬಂದಾಗ ಅವರು ಅವಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತರು. "ನೋಡಿ ನೆಬೀಸಕ್ಕ, ಕಲಾಯಿಗೆ ತವರ ಹಾಕ್ಬೇಕು. ನಿಮ್ಮ ಪಾತ್ರೆಗೆ ಹಾಕಿದವ ಸೀಸ ಬೆರೆಸಿದ್ದಾನೆ. ಅದರಲ್ಲಿ ಹುಳಿ ಇಟ್ಟರೆ ಹುಳಿ ಆ ಸೀಸವನ್ನು ಕರಗಿಸಿ ಎಳ್ಕೊಳ್ತದೆ. ಅದು ನಿಮ್ಮ ಹೊಟ್ಟೆಗೆ ಹೋಯ್ತು, ರಕ್ತಕ್ಕೆ ಹೋಯ್ತು, ಮೆದುಳಿಗೂ ಹೋಯ್ತು. ಮರೆವು, ನಡುಕ, ಸಿಟ್ಟು, ಎಲ್ಲ ಅದರದ್ದೇ."

"ಹಾಗಾದ್ರೆ ಉಮ್ಮನ ಕಾಯಿಲೆ?"

"ಅದು ಅಲ್ಲ ಇದು. ಸೀಸ ಹೋಗ್ಬೇಕು, ಅಷ್ಟೆ. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆ ಉಂಟು. ನಿಧಾನ ಆಗ್ತದೆ, ಆದ್ರೆ ನಿಮ್ಮ ನೆನಪು ಬಹಳ ಮಟ್ಟಿಗೆ ವಾಪಸು ಬರ್ತದೆ ಅಂತ ನನ್ನ ನಂಬಿಕೆ."

ನೆಬೀಸಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ತನಗೆ ವಿಷ ಏರಿದೆ ಎಂಬ ಸುದ್ದಿ ಕೇಳಿ ಇಷ್ಟು ಸಂತೋಷಪಟ್ಟ ರೋಗಿಯನ್ನು ಆ ಡಾಕ್ಟರ್ ಮುಂಚೆ ಕಂಡಿರಲಿಕ್ಕಿಲ್ಲ. ಅಲ್ಹಮ್ದುಲಿಲ್ಲಾ ಎಂದು ಎರಡು ಕೈಯಲ್ಲೂ ಮುಖ ಸವರಿಕೊಂಡಳು. ಈಚೆ ನುಸ್ರತ್ ಮಾತ್ರ ಗೋಡೆಗೆ ಒರಗಿ ಅಳುತ್ತಿದ್ದಳು. ಉಮ್ಮನಿಗೆ ವಿಷ ಕುಡಿಸಿದ್ದು ತಾನೇ ಎಂದು ಅವಳ ಸಂಕಟ.

ಡಾಕ್ಟರ್ ಅವಳನ್ನೂ ಕರೆದು ಕೂರಿಸಿದರು. "ನೀವು ಹೇಳಿದ್ದು ಪೂರಾ ಸುಳ್ಳಲ್ಲ. ಸೀಸದಂಥ ವಿಷ ಜೀವಕೋಶದ ಒಳಗೆ ಒಂದು ನಮೂನೆಯ ತುಕ್ಕು ಹಿಡಿಸ್ತದೆ. ಪುನರ್ಪುಳಿಯ ಕೆಂಪಿನಲ್ಲಿರುವ ಸತ್ವ ಆ ತುಕ್ಕನ್ನು ತಡೀಬಹುದು ಅಂತ ಇಲಿಗಳ ಮೇಲೆ, ಲ್ಯಾಬಿನಲ್ಲಿ ಬೆಳೆಸಿದ ಕೋಶಗಳ ಮೇಲೆ ನೋಡಿದವರು ಹೇಳ್ತಾರೆ. ಮನುಷ್ಯರಲ್ಲಿ ಎಷ್ಟರ ಮಟ್ಟಿಗೆ ಅಂತ ಇನ್ನೂ ಗಟ್ಟಿಯಾಗಿ ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ಒಂದು ಕೈಯಲ್ಲಿ ವಿಷ ಹೊಯ್ತಾ ಇನ್ನೊಂದು ಕೈಯಲ್ಲಿ ಒರಸಿದ್ರೆ ಆಗ್ತದಾ? ಮೊದಲು ಹೊಯ್ಯುದು ನಿಲ್ಬೇಕು."

"ಸ್ಟೀಲ್ ಪಾತ್ರೆಯಲ್ಲಿ ಮಾಡಿದ್ರೆ ಕುಡೀಬಹುದಾ?" ಎಂದು ಕೇಳಿದಳು ನೆಬೀಸಕ್ಕ.

"ಧಾರಾಳ ಕುಡೀರಿ. ಔಷಧಿ ಅಂತ ಅಲ್ಲ, ರುಚಿಗೆ."

ಎಲ್ಲ ಸಮ ಆಯಿತು ಎಂದು ಅಲಿ ಕುಂಞಿ ಕ್ಯಾಂಟೀನಿಗೆ ಚಾ ತರಲು ಹೋದ. ಅವನು ತಿರುಗಿ ಬರುವಷ್ಟರಲ್ಲಿ ನೆಬೀಸಕ್ಕ ಮಂಚದಿಂದ ಇಳಿದು, ಬಿಳುಚಿಕೊಂಡು, ಚಪ್ಪಲಿ ಹುಡುಕುತ್ತಿದ್ದಳು.

"ಎಂತ ಆಯ್ತು ಉಮ್ಮ?"

"ಬಾಟ್ಲಿ. ಪೆರಾಬೆಗೆ ಹೋಗುವಾಗ ದಿನಾ ಬಾಟ್ಲಿ ಕೊಂಡುಹೋಗ್ತಿದ್ದೆ. ದುಗ್ಗಮ್ಮಕ್ಕನ ಫ್ರಿಜ್ಜಿನಲ್ಲಿ ಇಡ್ತಿದ್ದೆ. ಒಂದು ದಿನ ಪ್ರಣೀತಾ ಸ್ವಲ್ಪ ಕೊಡಿ ಅಂತ ಕೇಳಿದ್ದಾಳೆ, ನುಸ್ರತ್. ಕೇಳಿದ್ದು ನೆನಪುಂಟು. ನಾನು ಕೊಟ್ಟೆನಾ ಇಲ್ವಾ ನೆನಪಿಲ್ಲ!"

ಬಾಣಂತಿಗೆ ಹುಳಿ ಕೊಡುವ ಕ್ರಮ ಇಲ್ಲ. ಆ ಕಟ್ಟುನಿಟ್ಟು ಊರಿಗೆ ಹೇಳಿಕೊಟ್ಟವಳೇ ನೆಬೀಸಕ್ಕ. ತಲೆ ಸರಿ ಇದ್ದಾಗಿನ ನೆಬೀಸಕ್ಕ ಕೊಡುವವಳಲ್ಲ, ಅದು ಅವಳಿಗೂ ಗೊತ್ತು. ಆದರೆ ಕುದಿಯುವ ನೀರಿಗೆ ತಣ್ಣೀರು ಬೆರೆಸಿದ್ದೇನೆ ಎಂದು ನಂಬಿದ ತಲೆ ಅದು. ಅದನ್ನು ನೆಚ್ಚುವುದು ಹೇಗೆ? ತಾಯಿ ಕುಡಿದದ್ದು ಹಾಲಿನಲ್ಲಿ ಮಗುವಿಗೆ ಹೋಗುತ್ತದಾ ಎಂದು ಡಾಕ್ಟರರನ್ನು ಕೇಳಿದಳು. ಹೋಗಬಹುದು, ಸಣ್ಣ ಮಕ್ಕಳ ಮೆದುಳಿಗೆ ಸೀಸ ದೊಡ್ಡವರಿಗಿಂತ ಹೆಚ್ಚು ಕೆಡುಕು, ಅನುಮಾನ ಇದ್ದರೆ ತಾಯಿ ಮಗು ಇಬ್ಬರ ರಕ್ತವನ್ನೂ ನೋಡಿಬಿಡುವ ಎಂದರು ಡಾಕ್ಟರ್. ತನ್ನ ನೆನಪು ಬರುವುದು ಬೇಡ, ಇದ್ದದ್ದೂ ಹೋಗಲಿ, ಆ ಮಗುವಿಗೆ ಏನೂ ಆಗದಿದ್ದರೆ ಸಾಕು ಎಂದು ಅವಳು ಬಾಯಿಬಿಟ್ಟೇ ಹೇಳಿದಳು.

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಹಟ ಹಿಡಿದು, ಡಿಸ್ಚಾರ್ಜ್ ಆದ ಸಂಜೆಯೇ ಪೆರಾಬೆಗೆ ರಿಕ್ಷಾ ತಿರುಗಿಸಿದಳು. ದುಗ್ಗಮ್ಮ ಜಗಲಿಯಲ್ಲಿದ್ದರು. ನೆಬೀಸಕ್ಕ ಮೆಟ್ಟಿಲು ಹತ್ತದೆ ಅಂಗಳದಲ್ಲೇ ನಿಂತು, ಪಾತ್ರೆ, ಕಲಾಯಿ, ಸೀಸ, ಬಾಟ್ಲಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳಿ, ಒಳಬಾಗಿಲಿಗೆ ಬಂದ ಪ್ರಣೀತಾಳ ಮುಖ ನೋಡಿದಳು. "ಸತ್ಯ ಹೇಳು ಮಗಾ. ನಾನು ನಿನಗೆ ಕೊಟ್ಟೆನಾ?"

"ಇಲ್ಲ ನೆಬೀಸಕ್ಕ. ಬಾಣಂತಿಗೆ ಹುಳಿಯಾ ಅಂತ ಸಮಾ ಬೈದ್ರಿ."

ನೆಬೀಸಕ್ಕ ಉಸಿರು ಬಿಡುವುದರೊಳಗೆ ಆ ಹುಡುಗಿ ತಲೆ ತಗ್ಗಿಸಿದಳು. "ಆದ್ರೆ ಒಂದು ದಿನ ನೀವು ಬಾಟ್ಲಿ ಬಿಟ್ಟು ಹೋದ ಮೇಲೆ ನಾನೇ ಕದ್ದು ತೆಗ್ದೆ. ದಿನಾ ಕರಿಮೆಣಸಿನ ಸಾರು ಕುಡಿದು ನಾಲಿಗೆ ಸತ್ತುಹೋಗಿತ್ತು. ಗ್ಲಾಸಿಗೆ ಹೊಯ್ದು ಬಾಯಿಗೆ ಇಡ್ಬೇಕು..."

"ಇಟ್ಟೆಯಾ?"

"ಅಮ್ಮ ಬಂದು ಗ್ಲಾಸ್ ಕಿತ್ಕೊಂಡ್ರು."

ಎಲ್ಲರ ಕಣ್ಣೂ ದುಗ್ಗಮ್ಮನ ಮೇಲೆ ಬಿತ್ತು. "ಕಿತ್ಕೊಳ್ಳದೆ ಮತ್ತೆ?" ಎಂದರು ದುಗ್ಗಮ್ಮ, ಈಗಲೂ ಅದೇ ಸಿಟ್ಟಿನಲ್ಲಿ. "ಮಗುವಿಗೆ ಶೀತ ಆದ್ರೆ ರಾತ್ರಿ ಎದ್ದು ಕೂರುದು ಇವಳಾ? ಗ್ಲಾಸಿನದ್ದು, ಬಾಟ್ಲಿಯದ್ದು ಎಲ್ಲ ತೆಂಗಿನ ಬುಡಕ್ಕೆ ಹೊಯ್ದೆ. ಮರುದಿನ ನೀವು ಬಾಟ್ಲಿ ಖಾಲಿ ನೋಡಿ 'ನಾನೇ ಕುಡಿದು ಮರೆತಿರ್ಬೇಕು' ಅಂದ್ರಿ. ನಾನು ಸುಮ್ಮನಾದೆ." ಇಷ್ಟು ಹೇಳಿದ ಮೇಲೆ ಎಂಥ ಆಪತ್ತು ತಪ್ಪಿತೆಂದು ಅವರಿಗೂ ಹೊಳೆಯಿತು. ಜಗಲಿಯ ಕುರ್ಚಿಯಲ್ಲಿ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಂಡರು.

ಆದರೂ ರಕ್ತ ಪರೀಕ್ಷೆ ಮಾಡಿಸಿಯೇ ಸಿದ್ಧ ಎಂದಳು ನೆಬೀಸಕ್ಕ. ಮಾಡಿಸಿದರು. ವರದಿ ಬರುವವರೆಗೆ ಅವಳು ಉಂಡದ್ದು ಉಂಡ ಹಾಗಲ್ಲ, ಮಲಗಿದ್ದು ಮಲಗಿದ ಹಾಗಲ್ಲ. ಪ್ರಣೀತಾಳ ಫೋನ್ ಬಂದಾಗ ಎತ್ತುವ ಧೈರ್ಯವಿಲ್ಲದೆ ಅದನ್ನು ಗಂಡನ ಕೈಗೆ ಕೊಟ್ಟಳು. ಅಲಿ ಕುಂಞಿ ಕೇಳಿಸಿಕೊಂಡ, ಹೂಂ ಎಂದ, ಮತ್ತೊಮ್ಮೆ ಹೂಂ ಎಂದ. ಆ ಮನುಷ್ಯನ ಕಣ್ಣಲ್ಲಿ ನೀರು ಕಂಡು ನೆಬೀಸಕ್ಕನ ಉಸಿರು ನಿಂತಿತು.

"ಇಬ್ಬರದ್ದೂ ಕ್ಲೀನ್" ಎಂದ ಅವನು. "ಎಂತದೂ ಇಲ್ಲ. ನಿನ್ನದೇ ಹಾಳು ರಕ್ತ."

ಆವತ್ತು ಅವಳು ಬೈಯಲೂ ಇಲ್ಲ. ಹೊಟ್ಟೆ ತುಂಬ ಉಂಡು, ಹಗಲಲ್ಲೇ ಮಲಗಿ, ಸಂಜೆಯವರೆಗೆ ಎಚ್ಚರವಿಲ್ಲದೆ ನಿದ್ದೆ ಮಾಡಿದಳು.

ಮಾತ್ರೆಗಳು ಮುಗಿದು, ಮತ್ತೆ ಶುರುವಾಗಿ, ಮತ್ತೆ ಮುಗಿದವು. ಕೈನಡುಕ ಮೊದಲು ಹೋಯಿತು, ಆಮೇಲೆ ಹೊಟ್ಟೆನೋವು. ನೆನಪು ಮಾತ್ರ ಮುನಿಸಿಕೊಂಡು ಹೋದ ನೆಂಟರ ಹಾಗೆ ನಿಧಾನಕ್ಕೆ, ಒಬ್ಬೊಬ್ಬರಾಗಿ ಬಂತು. ಕೆಲವು ಹೆಸರುಗಳು ಬರಲೇ ಇಲ್ಲ. ಡಾಕ್ಟರ್ ಇನ್ನು ಕೆಲಸಕ್ಕೆ ಹೋಗಬಹುದು ಎಂದರೂ ನೆಬೀಸಕ್ಕ ಯಾರ ಮನೆಗೂ ಹೋಗಲಿಲ್ಲ. ಫೋನ್ ಬಂದರೆ ಬೇರೆಯವರ ಹೆಸರು ಹೇಳುತ್ತಿದ್ದಳು. ಚೊಂಬು ಜಾರಿದ ಆ ಕ್ಷಣ ಅವಳನ್ನು ಬಿಟ್ಟಿರಲಿಲ್ಲ.

ಪ್ರಣೀತಾ ಗಂಡನ ಮನೆಗೆ ಹೊರಡುವ ಮುಂಚಿನ ದಿನ ದುಗ್ಗಮ್ಮ ಊಟಕ್ಕೆಂದು ಕರೆದರು. ಹೋದರೆ ಊಟಕ್ಕೆ ಎಲೆಯೇ ಹಾಕಿರಲಿಲ್ಲ. ಬಚ್ಚಲಲ್ಲಿ ಹಂಡೆಗೆ ಬೆಂಕಿ ಹಾಕಿತ್ತು, ಮಣೆ ಇಟ್ಟಿತ್ತು.

"ಆಗುದಿಲ್ಲ ದುಗ್ಗಮ್ಮಕ್ಕ, ನನಗೆ ಹೆದರಿಕೆ" ಎಂದು ನೆಬೀಸಕ್ಕ ಹಿಂದೆ ಸರಿದಳು.

"ಹೆದರಿಕೆ ನನಗೂ ಉಂಟು" ಎಂದರು ದುಗ್ಗಮ್ಮ ಕಡ್ಡಿ ಮುರಿದ ಹಾಗೆ. "ನಾನು ಪಕ್ಕದಲ್ಲೇ ನಿಲ್ತೇನೆ. ನಿಮಗೆ ವಿಷ ಏರಿದ್ದು ಗೊತ್ತಾದ ಮೇಲೆ ನೀವು ಓಡಿ ಬಂದದ್ದು ನಿಮ್ಮ ಬಗ್ಗೆ ಹೇಳ್ಲಿಕ್ಕಲ್ಲ, ಈ ಮಗುವಿನ ಬಗ್ಗೆ ಕೇಳ್ಲಿಕ್ಕೆ. ಇದನ್ನು ನಾನು ಬೇರೆ ಯಾರ ಕಾಲ ಮೇಲೆ ಹಾಕುದು?" ಎನ್ನುತ್ತ, ಉತ್ತರಕ್ಕೂ ಕಾಯದೆ, ಗುಂಡಗುಂಡಗೆ ಬೆಳೆದ ಮೊಮ್ಮಗನನ್ನು ಅವಳ ಕೈಗೆ ಕೊಟ್ಟುಬಿಟ್ಟರು.

ನೆಬೀಸಕ್ಕ ಕುಳಿತಳು. ಮಗು ಕಾಲಿನಿಂದ ಹೊರಗೆ ಬರುವಷ್ಟು ಉದ್ದವಾಗಿತ್ತು. ಎಣ್ಣೆ ತಿಕ್ಕಿದಳು, ನೀರು ಬೆರೆಸಿದಳು, ದುಗ್ಗಮ್ಮನಿಂದಲೂ ಕೈ ಅದ್ದಿಸಿ ನೋಡಿಸಿದಳು. ನೀರು ಮೈಮೇಲೆ ಬಿದ್ದದ್ದೇ ತಡ, ಮಗು ಗುಡ್ಡದ ಆಚೆಗೂ ಕೇಳುವ ಹಾಗೆ ಕಿರುಚಿಕೊಂಡಿತು. ಅದರ ಮೇಲೆ ನೀರು ಹೊಯ್ಯುತ್ತ ಹೊಯ್ಯುತ್ತ ನೆಬೀಸಕ್ಕನೂ ಜೋರಾಗಿಯೇ ಅತ್ತಳು. ಕೈ ಮಾತ್ರ ನಿಲ್ಲಿಸಲಿಲ್ಲ.